ಮಸುಕಿನ ಅಳತೆ ಲೆನ್ಸಿನ ಬಾಯಲ್ಲಿದೆ

ಕೋಲ್ಕತ್ತದ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಈಚೆಗೆ ಕ್ಯಾಮೆರಾ ಕೊಂಡಿದ್ದಾರೆ. ಸಂಜೆ ಆಫೀಸು ಮುಗಿಸಿ ಪಕ್ಕದ ನಲ್‌ಬನ್ ಕೆರೆಯ ದಂಡೆಯಲ್ಲಿ ಗೆಳೆಯನನ್ನು ನಿಲ್ಲಿಸಿ, ಆಚೆ ದಡದ ಕಟ್ಟಡಗಳ ದೀಪಗಳು ಹಿಂದೆ ಬರುವಂತೆ ಫೋಟೊ ತೆಗೆದರಂತೆ. ದೀಪಗಳು ದೊಡ್ಡ ಬೆಳಕಿನ ಬಿಲ್ಲೆಗಳಾಗಿ ಅರಳಲಿಲ್ಲ, ಚುಕ್ಕೆಗಳಾಗಿಯೇ ಉಳಿದವು. ‘ಇದಕ್ಕಿಂತ ನನ್ನ ಫೋನೇ ವಾಸಿ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ತಗೋಬೇಕಾ ಸಾರ್?’ ಎಂದು ಕೇಳಿದ್ದಾರೆ.

ಬೇಡ. ಇರುವ ಕ್ಯಾಮೆರಾದಲ್ಲೇ ಆ ಚಿತ್ರ ಸಿಗುತ್ತದೆ. ಸೆನ್ಸರ್ ದೊಡ್ಡದಾದಷ್ಟೂ ಹಿನ್ನೆಲೆ ಮಸುಕಾಗುತ್ತದೆ ಎಂಬುದು ಕ್ಯಾಮೆರಾ ಮಾರುವವರು ಹಬ್ಬಿಸಿರುವ ಅರೆಸತ್ಯ. ಮಸುಕನ್ನು ಹುಟ್ಟಿಸುವುದು ಸೆನ್ಸರ್ ಅಲ್ಲ, ಲೆನ್ಸಿನ ಬಾಯಿ. ಬೆಳಕು ಒಳಗೆ ಬರುವ ಆ ದುಂಡು ಕಿಂಡಿಯ ಅಗಲ ಎಷ್ಟು ಮಿಲಿಮೀಟರ್ ಎಂದು ತಿಳಿದರೆ ಉಳಿದ ಲೆಕ್ಕವೆಲ್ಲ ಬಾಯಲ್ಲೇ ಮಾಡಬಹುದು. ಆ ಅಗಲ ಕಂಡುಹಿಡಿಯುವುದೂ ಸುಲಭ: ಲೆನ್ಸಿನ ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿ. 50 ಎಂಎಂ ಲೆನ್ಸು, ಎಫ್ 1.8 ಎಂದರೆ ಸುಮಾರು 28 ಮಿ.ಮೀ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ಅಂದರೆ ಈ ಲೆನ್ಸಿನ ಬಾಯಿ ಹೆಚ್ಚುಕಡಿಮೆ ಒಂದು ಹತ್ತು ರೂಪಾಯಿ ನಾಣ್ಯದಷ್ಟು.

ಈಗ ನಲ್‌ಬನ್ ದಂಡೆಗೆ ಬನ್ನಿ. ಆಚೆ ದಡದ ಒಂದೇ ಒಂದು ದೀಪವನ್ನು ತೆಗೆದುಕೊಳ್ಳಿ. ಅದು ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತಿದೆ, ಆದರೆ ನಿಮ್ಮ ಲೆನ್ಸಿನೊಳಗೆ ಹೋಗುವ ಕಿರಣಗಳು ಮಾತ್ರ ನಮಗೆ ಮುಖ್ಯ. ದೀಪ ಬಹಳ ದೂರದಲ್ಲಿರುವುದರಿಂದ ಆ ಕಿರಣಗಳು ಸಮಾನಾಂತರವಾಗಿ ಬರುತ್ತವೆ ಎನ್ನಬಹುದು. ಆದ್ದರಿಂದ ಅವು ಲೆನ್ಸಿನ ಬಾಯಷ್ಟೇ ದಪ್ಪದ ಒಂದು ಬೆಳಕಿನ ಕಂಬವಾಗಿ ಕೆರೆಯ ಮೇಲೆ ಹಾದುಬರುತ್ತವೆ. ದಾರಿಯಲ್ಲಿ ಈ ಕಂಬ ನಿಮ್ಮ ಗೆಳೆಯನ ಕಿವಿಯ ಪಕ್ಕದ ಗಾಳಿಯನ್ನು ದಾಟುತ್ತದೆ. ಅಲ್ಲಿ ಅದರ ಅಗಲ ಎಷ್ಟು? ಅದೇ 28 ಮಿ.ಮೀ. ಕ್ಯಾಮೆರಾ ಫೋಕಸ್ ಆಗಿರುವುದು ಗೆಳೆಯನ ಮುಖಕ್ಕೆ, ಅಂದರೆ ಮುಖ ಇರುವ ಆ ಸಮತಲಕ್ಕೆ. ಆ ಸಮತಲದಲ್ಲಿ ಬೆಳಕು ಎಲ್ಲೆಲ್ಲಿ ಹಾದುಹೋಗಿದೆಯೋ ಅದನ್ನು ಲೆನ್ಸು ಹಾಗೆಯೇ ಸೆನ್ಸರ್ ಮೇಲೆ ಬರೆಯುತ್ತದೆ. ಹಾಗಾಗಿ ಚಿತ್ರದಲ್ಲಿ ದೂರದ ದೀಪ, ಗೆಳೆಯನ ಕಿವಿಯ ಪಕ್ಕ ಯಾರೋ ಹತ್ತು ರೂಪಾಯಿ ನಾಣ್ಯ ಹಿಡಿದಂತೆ, ಅಷ್ಟೇ ಗಾತ್ರದ ಬಿಲ್ಲೆಯಾಗಿ ಕಾಣುತ್ತದೆ.

ಈ ಲೆಕ್ಕದಲ್ಲಿ ಸೆನ್ಸರಿನ ಗಾತ್ರ ಎಲ್ಲೂ ಬರಲಿಲ್ಲ, ಗಮನಿಸಿ. ಗೆಳೆಯ ಎರಡು ಮೀಟರ್ ದೂರದಲ್ಲಿದ್ದರೂ ಹತ್ತು ಮೀಟರ್ ದೂರದಲ್ಲಿದ್ದರೂ ಅವನ ಪಕ್ಕದ ಬಿಲ್ಲೆ 28 ಮಿ.ಮೀ.ಯೇ. ಬದಲಾಗುವುದು ಚೌಕಟ್ಟು. ಹತ್ತಿರ ಹೋದಂತೆ ಚೌಕಟ್ಟಿನಲ್ಲಿ ಮುಖವೇ ತುಂಬಿಕೊಳ್ಳುತ್ತದೆ, ಮುಖದ ಜೊತೆಗೆ ಬಿಲ್ಲೆಯೂ ದೊಡ್ಡದಾಗಿ ಕಾಣುತ್ತದೆ. ಹತ್ತಿರ ಹೋದರೆ ಹಿನ್ನೆಲೆ ಮಸುಕಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದರ ಕಾರಣ ಇಷ್ಟು ಸರಳ ಎಂದು ತಿಳಿದಾಗ ಆಗುವ ಸಂತೋಷ ದೊಡ್ಡದು.

ನಮ್ಮ ಓದುಗರ ಹತ್ತಿರ ಇರುವುದು ಕ್ಯಾಮೆರಾ ಜೊತೆಗೇ ಬರುವ 18–55 ಎಂಎಂ ಕಿಟ್ ಲೆನ್ಸು, ಫುಲ್ ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್. ದೀಪಗಳೆಲ್ಲ ಬರಲಿ ಎಂದು ಅವರು 18 ಎಂಎಂನಲ್ಲಿ ತೆಗೆದಿದ್ದಾರೆ. ಆಗ ಎಫ್ 3.5, ಬಾಯಿ ಕೇವಲ 5 ಮಿ.ಮೀ. ಎರಡು ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ 2.6 ಮೀಟರ್. ಅದರಲ್ಲಿ 5 ಮಿ.ಮೀ. ಬಿಲ್ಲೆ ಎಂದರೆ ಚಿತ್ರದ ಅಗಲದಲ್ಲಿ ಶೇ 0.2. ಚುಕ್ಕೆಯಾಗದೆ ಇನ್ನೇನಾದೀತು? ಅದೇ ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಎಫ್ ಸಂಖ್ಯೆ 5.6 ಆಗುತ್ತದೆ. ಸಂಖ್ಯೆ ಏರಿತಲ್ಲ, ಮಸುಕು ಕಮ್ಮಿಯಾಯಿತು ಎಂದು ಹೊಸಬರು ಗಾಬರಿಯಾಗುವುದು ಇಲ್ಲೇ. ಆದರೆ 55 ಭಾಗಿಸು 5.6 ಎಂದರೆ ಸುಮಾರು 10 ಮಿ.ಮೀ. ಬಾಯಿ ಇಮ್ಮಡಿಯಾಯಿತು, ಚೌಕಟ್ಟಿನ ಅಗಲ ಮೂರನೇ ಒಂದು ಭಾಗಕ್ಕೆ ಇಳಿಯಿತು. ಬಿಲ್ಲೆ ಈಗ ಶೇ 1.1. ಇನ್ನು ಒಂದು ಮೀಟರ್ ಮುಂದೆ ನಡೆದರೆ ಶೇ 2.3. ಫುಲ್ ಫ್ರೇಮ್ ಕ್ಯಾಮೆರಾಗೆ 50 ಎಂಎಂ ಎಫ್ 1.8 ಹಾಕಿ ಎರಡು ಮೀಟರಿನಿಂದ ತೆಗೆದರೂ ಬಿಲ್ಲೆ ಚಿತ್ರದ ಶೇ 2 ಮಾತ್ರ! ಜೂಮ್ ಒಮ್ಮೆ ತಿರುಗಿಸಿ ಎರಡು ಹೆಜ್ಜೆ ಮುಂದಿಟ್ಟರೆ ಹನ್ನೊಂದು ಪಟ್ಟಿಗಿಂತ ಹೆಚ್ಚು ಮಸುಕು, ಕಾಸಿಲ್ಲದೆ. ಚೌಕಟ್ಟಿನೊಳಗೆ ಗೆಳೆಯನ ತಲೆ, ಭುಜ ಮಾತ್ರ ಉಳಿಯುತ್ತವೆ, ಅದು ನಿಜ. ಪೂರ್ತಿ ಆಳು ಬೇಕು, ಹಿನ್ನೆಲೆಯೂ ಕರಗಬೇಕು ಎಂದರೆ ಆಗ ದೊಡ್ಡ ಬಾಯಿಯ ಲೆನ್ಸಿಗೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ.

ಲೇಖಕ ಪೂರ್ಣಚಂದ್ರ ತೇಜಸ್ವಿಯವರಿಂದ ಹಕ್ಕಿ ಫೋಟೊದ ಹುಚ್ಚು ಹತ್ತಿಸಿಕೊಂಡವರು ಕರ್ನಾಟಕದಲ್ಲಿ ಅನೇಕರಿದ್ದಾರೆ. ಅವರಿಗೆ ಇದು ಗೊತ್ತು. 400 ಎಂಎಂ ಲೆನ್ಸಿಗೆ ಎಫ್ 5.6 ಇದ್ದರೂ ಬಾಯಿ 71 ಮಿ.ಮೀ. ಕೊಂಬೆಯ ಮೇಲಿನ ಮಿಂಚುಳ್ಳಿಯ ಹಿಂದೆ ಇಡೀ ಕಾಡು ಒಂದೇ ಹಸಿರು ಬಣ್ಣವಾಗಿ ಕಲಸಿಹೋಗುವುದು ಇದರಿಂದಲೇ.

ಇಷ್ಟು ಹೊತ್ತು ಹೇಳಿದ್ದು ದೂರದ ದೀಪದ ಮಾತು. ಹಿನ್ನೆಲೆ ಹತ್ತಿರವಿದ್ದರೆ ಬೆಳಕು ಕಂಬವಾಗಿ ಬರದೆ, ಚೂಪು ತುದಿಯಿಂದ ಹೊರಟು ಲೆನ್ಸಿನ ಕಡೆಗೆ ಅಗಲವಾಗುವ ಶಂಕುವಾಗಿ ಬರುತ್ತದೆ. ಶಂಕು ಮುಖದ ಪಕ್ಕ ಹಾಯುವಾಗ ಇನ್ನೂ ಸಣ್ಣದಾಗಿರುತ್ತದೆ. ಸೆಕ್ಟರ್ ಫೈವ್‌ನ ಕಾಲೇಜ್ ಮೋಡ್ ವೃತ್ತದಲ್ಲೋ ವೆಬೆಲ್ ಮೋಡ್ ವೃತ್ತದಲ್ಲೋ ಗಾಜಿನ ಕಟ್ಟಡಕ್ಕೆ ಅರ್ಧ ಮೀಟರ್ ಮುಂದೆ ಗೆಳೆಯನನ್ನು ನಿಲ್ಲಿಸಿ ಎರಡು ಮೀಟರಿನಿಂದ ತೆಗೆದರೆ ಸಿಗುವುದು ಲೆನ್ಸಿನ ಬಾಯ ಐದನೇ ಒಂದು ಭಾಗ ಮಾತ್ರ. ನಾಣ್ಯದಷ್ಟು ಬಾಯಿಯ ಲೆನ್ಸೂ ಅಲ್ಲಿ 5.6 ಮಿ.ಮೀ.ಗೆ ಇಳಿಯುತ್ತದೆ. ಅವನನ್ನು ಗೋಡೆಯಿಂದ ಹದಿನೆಂಟು ಮೀಟರ್ ಈಚೆಗೆ ಕರೆದರೆ ಹತ್ತರಲ್ಲಿ ಒಂಬತ್ತು ಪಾಲು ಸಿಗುತ್ತದೆ. ಗೋಡೆಗೆ ಒರಗಿ ನಿಂತವರ ಹಿಂದೆ ಮಸುಕು ಹುಡುಕುವುದು ವ್ಯರ್ಥ.

ಕೋಲ್ಕತ್ತದ ಓದುಗರಿಗೆ ಉತ್ತರಿಸುವಾಗ ಫೋಟೊಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಹೆಸರು ಬಿಡಲಾಗದು. ಆಕೆ ಹುಟ್ಟಿದ್ದು ಅದೇ ಊರಿನಲ್ಲಿ, 1815ರಲ್ಲಿ. ಅವಳ ಕಥೆಗೂ ಮುಂಚೆ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಬರಬೇಕು. ಡಗೆರೋಟೈಪ್ ಎಂಬ ಆರಂಭದ ಫೋಟೊಗಳಿಗೆ ಜನ ನಿಮಿಷಗಟ್ಟಲೆ ಅಲುಗದೆ ಕೂರಬೇಕಿತ್ತು, ಏಕೆಂದರೆ ಲೆನ್ಸುಗಳ ಬಾಯಿ ಬಹಳ ಕಿರಿದು. 1840ರಲ್ಲಿ ಪೆಟ್ಸ್‌ವಾಲ್ ಲೆಕ್ಕ ಹಾಕಿಯೇ ಎಫ್ 3.6ರ ಆಸುಪಾಸಿನ ಲೆನ್ಸನ್ನು ರೂಪಿಸಿದ. ಲೆಕ್ಕದ ಭಾರ ಹೊರಲು ಆಸ್ಟ್ರಿಯಾ ಸೇನೆಯ ಫಿರಂಗಿ ದಳದ ಲೆಕ್ಕಿಗರನ್ನು ಅವನಿಗೆ ಒದಗಿಸಲಾಗಿತ್ತು. ಅವನಿಗೆ ಬೇಕಿದ್ದದ್ದು ಬೆಳಕು, ಮಸುಕಲ್ಲ. ಬಾಯಿ ಅಗಲಿಸಿದ್ದಕ್ಕೆ ಮಸುಕು ಜೊತೆಗೇ ಬಂತು, ಯಾರೂ ಕರೆದಿರಲಿಲ್ಲ.

ಕ್ಯಾಮೆರಾನ್ ಅದನ್ನು ಕರೆದು ಕೂರಿಸಿಕೊಂಡಳು. 1863ರ ಕೊನೆಯಲ್ಲಿ, 48ನೇ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿದ್ದಾಗ ಮಗಳು ಕೊಟ್ಟ ಕ್ಯಾಮೆರಾದಿಂದ ಶುರುಮಾಡಿ ಮುಖಗಳನ್ನು ತೀರಾ ಹತ್ತಿರದಿಂದ ತೆಗೆದಳು. ಕಣ್ಣು ಒಂದಿಷ್ಟು ಸ್ಪಷ್ಟ, ಕೂದಲು, ಹೆಗಲು, ಹಿನ್ನೆಲೆಯೆಲ್ಲ ಕರಗಿದ್ದವು. ಆ ಕಾಲದ ಫೋಟೊಗ್ರಫಿ ಪಂಡಿತರು ಇದನ್ನು ಕೈಲಾಗದ ಕೆಲಸ ಎಂದು ಜರೆದರು. ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಅವಳ ಹಳೆಯ ಸ್ನೇಹಿತ. 1864ರಲ್ಲಿ ಅವನಿಗೆ ಬರೆದ ಪತ್ರದಲ್ಲಿ, ಯಾವುದು ಸರಿಯಾದ ಫೋಕಸ್ ಎಂದು ತೀರ್ಮಾನಿಸುವ ಹಕ್ಕು ಯಾರಿಗಿದೆ ಎಂದು ಆಕೆ ಕೇಳಿದಳು. 1867ರಲ್ಲಿ ಅದೇ ಹರ್ಷೆಲ್‌ನ ಚಿತ್ರವನ್ನೂ ತೆಗೆದಳು. ಕೆದರಿದ ಬಿಳಿಗೂದಲು ಕತ್ತಲೊಳಗೆ ಬೆರೆತುಹೋಗುವ ಆ ಚಿತ್ರವನ್ನು ನೋಡಿದ ಮೇಲೆ ಮಸುಕನ್ನು ಬರೀ ಅಲಂಕಾರ ಎಂದುಕೊಳ್ಳಲು ನನಗೆ ಸಾಧ್ಯವಾಗಿಲ್ಲ.

ಇನ್ನು ಫೋನು. ಅದರ ಮುಖ್ಯ ಲೆನ್ಸಿನ ಬಾಯಿ ಸಾಮಾನ್ಯವಾಗಿ ಹೆಚ್ಚೆಂದರೆ ನಾಲ್ಕು ಮಿ.ಮೀ. ಆಸುಪಾಸು, ನೋಟವೋ ಬಲು ಅಗಲ. ನಿಜವಾದ ಮಸುಕು ಅಲ್ಲಿ ಹುಟ್ಟುವುದು ಕಷ್ಟ. ಆದ್ದರಿಂದ ಪೋರ್ಟ್ರೇಟ್ ಮೋಡ್ ಮೊದಲು ಯಾವುದು ಎಷ್ಟು ದೂರದಲ್ಲಿದೆ ಎಂದು ಊಹಿಸಿ, ಆಮೇಲೆ ದೂರದ್ದನ್ನು ಲೆಕ್ಕ ಹಾಕಿ ಮಸುಕಾಗಿಸುತ್ತದೆ. 2016ರ ಐಫೋನ್ 7 ಪ್ಲಸ್ ಇದಕ್ಕೆ ಎರಡು ಕ್ಯಾಮೆರಾ ಬಳಸಿತು. ಮರುವರ್ಷ ಗೂಗಲ್ ಪಿಕ್ಸೆಲ್ 2 ಒಂದೇ ಕ್ಯಾಮೆರಾದಲ್ಲಿ, ಲೆನ್ಸಿನ ಎಡ ಅರ್ಧ ಮತ್ತು ಬಲ ಅರ್ಧ ಕಾಣುವ ನೋಟಗಳ ವ್ಯತ್ಯಾಸದಿಂದ ದೂರ ಅಳೆಯಿತು. ಆ ಎರಡು ನೋಟಗಳ ನಡುವಿನ ಅಂತರ ಸುಮಾರು ಒಂದು ಮಿಲಿಮೀಟರ್ ಅಷ್ಟೇ! ಈ ಜಾಣ್ಮೆಗೆ ನಾನು ಮನಸಾರೆ ತಲೆಬಾಗುತ್ತೇನೆ. ಆದರೂ ಹಾರುವ ಕೂದಲೆಳೆ, ಕನ್ನಡಕದ ಅಂಚು, ತೆಳು ಸೆರಗಿನ ಮುಂದೆ ಊಹೆ ಎಡವುತ್ತದೆ. ದೀಪಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಚುಕ್ಕೆಯಾಗಿ ಬಿದ್ದ ದೀಪದ ಪ್ರಖರತೆ ಸೆನ್ಸರಿನ ಮಿತಿ ಮೀರಿರುತ್ತದೆ. ಮೀರಿದ ಬೆಳಕು ದಾಖಲಾಗುವುದೇ ಇಲ್ಲ. ದಾಖಲಾದಷ್ಟನ್ನೇ ಆಮೇಲೆ ಬಿಲ್ಲೆಯಾಗಿ ಹರಡಿದರೆ ಅದು ಮಂಕಾಗಿ ಕಾಣುತ್ತದೆ. ನಿಜವಾದ ಲೆನ್ಸಿನ ಬಿಲ್ಲೆಗಿರುವ ಹೊಳಪು ಅದಕ್ಕೆ ಸುಲಭಕ್ಕೆ ಬರುವುದಿಲ್ಲ.

ಕ್ಯಾಮೆರಾ ಹಿಡಿದವರಿಗೆ ಒಂದು ಎಚ್ಚರಿಕೆ. ಕಿಟ್ ಲೆನ್ಸನ್ನು 55ಕ್ಕೆ ಇಟ್ಟು ಒಂದು ಮೀಟರ್ ಹತ್ತಿರ ಹೋದಾಗ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು ಏಳು ಸೆಂಟಿಮೀಟರ್. ಫುಲ್ ಫ್ರೇಮಿನಲ್ಲಿ 50 ಎಂಎಂ ಎಫ್ 1.8 ಆದರೆ ನಾಲ್ಕೇ ಸೆಂಟಿಮೀಟರ್. ಫೋಕಸ್ ಮೂಗಿನ ಮೇಲೆ ಬಿದ್ದರೆ ಕಣ್ಣು ಕೈತಪ್ಪುತ್ತದೆ. ಹತ್ತಿರದ ಕಣ್ಣಿಗೇ ಫೋಕಸ್ ಇಡಿ.

ದುರ್ಗಾಪೂಜೆಯ ಹೊತ್ತಿಗೆ ನ್ಯೂಟೌನ್ ಕಡೆಯ ಖಾಲಿ ಜಾಗಗಳಲ್ಲಿ ಬಿಳಿ ತೆನೆಯ ಕಾಶ್ ಹುಲ್ಲು ಎದ್ದು ನಿಂತಿರುತ್ತದೆ. ಆಗ ಹಿನ್ನೆಲೆಯನ್ನಷ್ಟೇ ನೆಚ್ಚಬೇಕಿಲ್ಲ. ಹಿನ್ನೆಲೆ ಎಷ್ಟೇ ದೂರ ಹೋದರೂ ಮುಖದ ಪಕ್ಕದ ಬಿಲ್ಲೆ ಲೆನ್ಸಿನ ಬಾಯನ್ನು ಮೀರದು, ಮುಂದಿರುವ ವಸ್ತುವಿಗೆ ಆ ಮಿತಿಯಿಲ್ಲ. ಗೆಳೆಯ ಎರಡು ಮೀಟರ್ ದೂರದಲ್ಲಿದ್ದು, ತೆನೆಯೊಂದು ಲೆನ್ಸಿನಿಂದ ಅರ್ಧ ಮೀಟರಿನಲ್ಲಿದ್ದರೆ ಅದರ ಒಂದೊಂದು ಎಳೆಯೂ ಲೆನ್ಸಿನ ಬಾಯ ಮೂರು ಪಟ್ಟು ಅಗಲಕ್ಕೆ ಹರಡುತ್ತದೆ. 10 ಮಿ.ಮೀ. ಬಾಯಿಯ ಕಿಟ್ ಲೆನ್ಸಿಗೂ 30 ಮಿ.ಮೀ.! ತೆನೆಗಳ ನಡುವಿನಿಂದ ತೆಗೆಯಿರಿ. ಆಟೊಫೋಕಸ್ ಹುಲ್ಲನ್ನೇ ಹಿಡಿಯಲು ಹೊರಟರೆ ಅದನ್ನು ಆಫ್ ಮಾಡಿ ಫೋಕಸ್ ಬಳೆಯನ್ನು ಕೈಯಲ್ಲೇ ತಿರುಗಿಸಿ.