ಮಾತ್ರೆ ಒಂದು, ಅನುಮಾನ ಹಲವು

ಮುಟ್ಟಿನ ಹೊಟ್ಟೆನೋವಿಗೆಂದು ಡಾಕ್ಟರು ಬರೆದುಕೊಟ್ಟದ್ದು ಗರ್ಭನಿರೋಧಕ ಮಾತ್ರೆ ಎಂದು ಗೊತ್ತಾದೊಡನೆ ಎಷ್ಟೋ ಮನೆಗಳಲ್ಲಿ ಅದು ಬೀರುವಿನ ಮೂಲೆ ಸೇರುತ್ತದೆ. 'ಮದುವೆಯಾಗದ ಹುಡುಗಿಗೆ ಇದ್ಯಾಕೆ?', 'ನಾಳೆ ಮಕ್ಕಳಾಗದಿದ್ದರೆ?' ಎಂಬ ಮಾತು ಬರುತ್ತದೆ. ಈ ಮಾತ್ರೆಯ ವಿಷಯದಲ್ಲಿ ಎಚ್ಚರ ಬೇಕು, ನಿಜ. ಆದರೆ ನಾವು ಹೆದರುವುದು ಒಂದಕ್ಕೆ, ಎಚ್ಚರ ವಹಿಸಬೇಕಾದ್ದು ಇನ್ನೊಂದಕ್ಕೆ.

ತಪ್ಪು ಕಲ್ಪನೆ: ಇದು ಗರ್ಭ ನಿಲ್ಲದಂತೆ ತಡೆಯಲು ಮಾತ್ರ.

ಸತ್ಯ: ಇಂಥ ಮಾತ್ರೆಗಳಲ್ಲಿ ಮೊದಲನೆಯದಾದ ಎನೋವಿಡ್‌ಗೆ ಅಮೆರಿಕದಲ್ಲಿ 1957ರಲ್ಲಿ ಅನುಮತಿ ಸಿಕ್ಕಿದ್ದೇ ಮುಟ್ಟಿನ ತೊಂದರೆಗಳ ಚಿಕಿತ್ಸೆಗೆ. ಗರ್ಭನಿರೋಧಕವಾಗಿ ಒಪ್ಪಿಗೆ ದೊರೆತದ್ದು 1960ರಲ್ಲಿ. ಮಾತ್ರೆಯಲ್ಲಿರುವುದು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನು. ಇವು ಅಂಡಾಣು ಬಿಡುಗಡೆಯಾಗದಂತೆ ನೋಡಿಕೊಳ್ಳುತ್ತವೆ, ಗರ್ಭಕೋಶದ ಒಳಪದರ ದಪ್ಪವಾಗಲು ಬಿಡುವುದಿಲ್ಲ. ಪದರ ತೆಳುವಾದರೆ ರಕ್ತಸ್ರಾವ ಕಡಿಮೆ. ಗರ್ಭಕೋಶವನ್ನು ಹಿಂಡಿ ನೋಯಿಸುವ ಪ್ರೊಸ್ಟಗ್ಲಾಂಡಿನ್ ಕೂಡ ಕಡಿಮೆ. ಹಾಗಾಗಿಯೇ ಅತಿಸ್ರಾವದಿಂದ ರಕ್ತಹೀನತೆ ಆದವರಿಗೆ, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನ ನೋವಿಗೆ, ಹಟಮಾರಿ ಮೊಡವೆಗೆ, ಮುಖದ ಮೇಲೆ ಬೇಡದ ಕೂದಲಿಗೆ ಇದನ್ನು ಬರೆದುಕೊಡುತ್ತಾರೆ.

ತಪ್ಪು ಕಲ್ಪನೆ: ಆರು ತಿಂಗಳು ನುಂಗಿದರೆ ಪಿಸಿಓಡಿ ವಾಸಿಯಾಗುತ್ತದೆ.

ಸತ್ಯ: ಪಿಸಿಓಡಿ ಅಂದರೆ ಅಂಡಾಶಯದ ಹಾರ್ಮೋನು ಏರುಪೇರು; ಅದು ಹತೋಟಿಗೆ ಬರುತ್ತದೆ, ವಾಸಿಯಾಗುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಮುಟ್ಟು ಮತ್ತೆ ಏರುಪೇರಾಗಬಹುದು. ಹಾಗೆಂದು ಕೊಟ್ಟದ್ದು ವ್ಯರ್ಥವಲ್ಲ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗಿ, ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಅದನ್ನು ಮಾತ್ರೆ ತಡೆಯುತ್ತದೆ. ತೂಕ, ವ್ಯಾಯಾಮ, ಶುಗರ್ ಪರೀಕ್ಷೆ ಇವುಗಳ ಜವಾಬ್ದಾರಿ ಮಾತ್ರ ಹಾಗೆಯೇ ಉಳಿಯುತ್ತದೆ.

ತಪ್ಪು ಕಲ್ಪನೆ: ತಿಂಗಳಿಗೊಮ್ಮೆ 'ಕೆಟ್ಟ ರಕ್ತ' ಹೋಗಲೇಬೇಕು.

ಸತ್ಯ: ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ 'ಮಾಲಾ-ಎನ್' ಪಟ್ಟಿಯನ್ನು ತಿರುಗಿಸಿ ನೋಡಿ. ಅದರಲ್ಲಿ 28 ಮಾತ್ರೆಗಳಿವೆ. 21ರಲ್ಲಿ ಹಾರ್ಮೋನು ಇದೆ: ಒಂದೊಂದರಲ್ಲಿ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಿಯೋಲ್. ಬೇರೆ ಬಣ್ಣದ ಉಳಿದ 7 ಬರೀ ಕಬ್ಬಿಣಾಂಶದ ಗುಳಿಗೆ. ಆ ಏಳು ದಿನ ಹಾರ್ಮೋನು ನಿಂತದ್ದಕ್ಕೇ ಸ್ರಾವವಾಗುತ್ತದೆ. ಸಹಜ ಮುಟ್ಟು ಅದಲ್ಲ. ಒಳಗೆ ಕೆಟ್ಟ ರಕ್ತವೇನೂ ಕೂಡಿಕೊಂಡಿರುವುದಿಲ್ಲ. ಎಂಡೊಮೆಟ್ರಿಯೋಸಿಸ್ ಇರುವವರಿಗೆ ಕೆಲವೊಮ್ಮೆ ಬಿಡುವಿಲ್ಲದೆ ಹಾರ್ಮೋನು ಮಾತ್ರೆ ಕೊಡುವುದೂ ಈ ಕಾರಣಕ್ಕೇ.

ತಪ್ಪು ಕಲ್ಪನೆ: ಮುಂದೆ ಮಕ್ಕಳಾಗುವುದಿಲ್ಲ, ಮೈ ಊದುತ್ತದೆ, ಕ್ಯಾನ್ಸರ್ ಬರುತ್ತದೆ.

ಸತ್ಯ: ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಹೆಚ್ಚಿನವರಲ್ಲಿ ಅಂಡಾಣು ಬಿಡುಗಡೆ ಮೊದಲಿನಂತಾಗುತ್ತದೆ. ಆಮೇಲೆ ಗರ್ಭ ನಿಲ್ಲುವುದು ತಡವಾದರೆ, ಮಾತ್ರೆಗೆ ಮುಂಚೆಯೇ ಇದ್ದ ಪಿಸಿಓಡಿಯಂಥ ತೊಂದರೆ ಅದಕ್ಕೆ ಕಾರಣವಾಗಿರಬಹುದು. ಮಾತ್ರೆಯಿಂದ ತೂಕ ಗಣನೀಯವಾಗಿ ಏರುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಪುರಾವೆ ಸಿಕ್ಕಿಲ್ಲ. ಕ್ಯಾನ್ಸರಿನ ಲೆಕ್ಕ ಎರಡೂ ಕಡೆಗಿದೆ: ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯ ತಗ್ಗುತ್ತದೆ, ಸ್ತನ ಮತ್ತು ಗರ್ಭಕೊರಳಿನದು ತುಸು ಏರುತ್ತದೆ.

ತಪ್ಪು ಕಲ್ಪನೆ: ಐ-ಪಿಲ್, ಹಬ್ಬಕ್ಕೆ ಮುಟ್ಟು ಮುಂದೂಡುವ ಗುಳಿಗೆ, ಛಾಯಾ ಎಲ್ಲಾ ಒಂದೇ.

ಸತ್ಯ: ತುರ್ತಿಗೆ ನುಂಗುವ ಐ-ಪಿಲ್‌ನಲ್ಲಿರುವುದು ಪ್ರೊಜೆಸ್ಟಿನ್ ಒಂದೇ, ಅದೂ 1.5 ಮಿಲಿಗ್ರಾಂ. ಹಬ್ಬ, ಮದುವೆಗೆಂದು ನುಂಗುವುದು ಸಾಮಾನ್ಯವಾಗಿ ನಾರೆಥಿಸ್ಟೆರಾನ್. ಛಾಯಾದಲ್ಲಿ ಹಾರ್ಮೋನೇ ಇಲ್ಲ; ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಗರ್ಭನಿರೋಧಕ ಅದು. ಒಂದರ ಬದಲು ಇನ್ನೊಂದು ನುಂಗುವಂತಿಲ್ಲ.

ತಪ್ಪು ಕಲ್ಪನೆ: ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ತಂದುಕೊಂಡರಾಯಿತು.

ಸತ್ಯ: ನಿಜವಾದ ಎಚ್ಚರ ಬೇಕಾದದ್ದು ಇಲ್ಲಿ. ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಮಾತ್ರೆ ನುಂಗದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೆ, ನುಂಗುವವರಲ್ಲಿ ಅದು 5ರಿಂದ 12. ಗರ್ಭಿಣಿಯರಲ್ಲಿ ಈ ಅಪಾಯ ಇದಕ್ಕಿಂತಲೂ ಹೆಚ್ಚು. ಹಾಗಾಗಿ ಆರೋಗ್ಯವಂತರು ಕಂಗಾಲಾಗಬೇಕಿಲ್ಲ. ಆದರೆ ಬಿಪಿ ಹೆಚ್ಚಿರುವವರಿಗೆ, 35 ದಾಟಿದ್ದು ಸಿಗರೇಟು ಸೇದುವವರಿಗೆ, ಕಣ್ಣ ಮುಂದೆ ಮಿಂಚಿನಂಥ ಗೆರೆ ಕಾಣಿಸಿ ಆಮೇಲೆ ಅರೆತಲೆನೋವು ಬರುವವರಿಗೆ, ಹಿಂದೆ ಹೆಪ್ಪುಗಟ್ಟಿದ ತೊಂದರೆ ಅಥವಾ ಸ್ತನ ಕ್ಯಾನ್ಸರ್ ಆದವರಿಗೆ ಇದು ಸಲ್ಲದು. ಎದೆಹಾಲು ಕುಡಿಸುವವರಿಗೂ ಮೊದಲ 6 ತಿಂಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಕ್ಷಯದ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಔಷಧಗಳು ಮಾತ್ರೆಯ ಶಕ್ತಿ ಕುಂದಿಸುತ್ತವೆ.

ಆದ್ದರಿಂದ ಮಾತ್ರೆ ಶುರು ಮಾಡುವ ಮೊದಲು ಬಿಪಿ ನೋಡಿಸಿ. ತಲೆನೋವಿನ ರೀತಿಯನ್ನೂ, ಬೇರೆ ಔಷಧಗಳನ್ನೂ ಡಾಕ್ಟರಿಗೆ ಬಿಡಿಸಿ ಹೇಳಿ. ನುಂಗುವಾಗ ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ, ಏಕಾಏಕಿ ಎದೆನೋವು ಅಥವಾ ಉಸಿರುಕಟ್ಟು ಬಂದರೆ, ಮಾತು ತೊದಲಿದರೆ ನಾಳೆಗೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಮದುವೆಯಾಗಿದೆಯೋ ಇಲ್ಲವೋ ಎಂಬುದು ಈ ಮಾತ್ರೆಯ ಮಟ್ಟಿಗೆ ಕೇಳಬೇಕಾದ ಪ್ರಶ್ನೆಯೇ ಅಲ್ಲ.