ಭೂತಗನ್ನಡಿಯ ಬೆಂಕಿ, ಮಕ್ಕಳ ಕಣ್ಣು

ಸೂರ್ಯನನ್ನು ಜಗಚ್ಚಕ್ಷುವೆಂದು ನಮ್ಮ ಹಿರಿಯರು ಕೊಂಡಾಡಿದರು; ಅವನತ್ತ ದಿಟ್ಟಿಸಿ ನೋಡಬಾರದೆಂದು ಮಕ್ಕಳನ್ನು ಗದರಿದರು ಕೂಡ. ಬಿಸಿಲು ತಾಕಿದೊಡನೆ ಕಿಡಿಯುಗುಳುವ ಸೂರ್ಯಕಾಂತಮಣಿಯ ವರ್ಣನೆ ಕಾವ್ಯಗಳಲ್ಲಿ ಬರುತ್ತದೆ. ಇಂದು ಆ ಮಣಿಯ ಕೆಲಸವನ್ನು ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಭೂತಗನ್ನಡಿಯೇ ಮಾಡಿ ತೋರಿಸುತ್ತದೆ. ಚದುರಿದ ಬಿಸಿಲನ್ನು ಒಂದೆಡೆ ಕೂಡಿಸಿದರೆ ಬೆಂಕಿಯಾಗುವುದೆಂಬುದನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಇದಕ್ಕಿಂತ ಸುಲಭವಾದ ಪ್ರಯೋಗವಿಲ್ಲ.

ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದವರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು. ಸಿರಾಕ್ಯೂಸ್ ನಗರವನ್ನು ಮುತ್ತಿದ ರೋಮನರ ಹಡಗುಗಳನ್ನು ಆರ್ಕಿಮಿಡೀಸನು ಕನ್ನಡಿಗಳಿಂದ ಸುಟ್ಟನೆಂಬ ಐತಿಹ್ಯವುಂಟಷ್ಟೆ. ಅದನ್ನು ಪರೀಕ್ಷಿಸಲು 2005ರಲ್ಲಿ ಪ್ರಾಧ್ಯಾಪಕ ಡೇವಿಡ್ ವ್ಯಾಲೇಸ್ ಅವರ ತರಗತಿಯವರು ಒಂದಡಿ ಚೌಕದ 127 ಕನ್ನಡಿಗಳನ್ನು ನಿಲ್ಲಿಸಿ, ಸುಮಾರು 100 ಅಡಿ ದೂರದಲ್ಲಿದ್ದ ಮರದ ಹಡಗಿನ ಮಾದರಿಯ ಮೇಲೆ ಬಿಸಿಲನ್ನು ಹಾಯಿಸಿದರು. ಮೋಡಗಳು ಕಾಡಿದವು, ಆಕಾಶ ತಿಳಿಯಾದ ಮೇಲೆ ಮರ ಹೊತ್ತಿಕೊಂಡಿತು. ಇದರಿಂದ ಐತಿಹ್ಯವು ಚರಿತ್ರೆಯಾಗದು. ಅಲುಗದ ಒಣಮರ ಬೇರೆ, ಕಡಲಲ್ಲಿ ತೇಲುವ ಹಡಗು ಬೇರೆ.

ಶಾಲೆಯ ಅಂಗಳಕ್ಕೆ ಒಂದೇ ಮಸೂರ ಸಾಕು. ನಡುಹಗಲ ತಿಳಿಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವಾಟ್ ಶಕ್ತಿಯನ್ನು ತರುತ್ತದೆ. 10 ಸೆಂಟಿಮೀಟರ್ ಅಗಲದ ಮಸೂರಕ್ಕೆ ದಕ್ಕುವುದು 8 ವಾಟ್ ಮಾತ್ರ. ಸಣ್ಣ ದೀಪವೊಂದರ ಪಾಲು. ಆದರೆ 25 ಸೆಂಟಿಮೀಟರ್ ದೂರದಲ್ಲಿ ಅದು ಕೇವಲ ಎರಡೂಕಾಲು ಮಿಲಿಮೀಟರಿನ ಚುಕ್ಕೆಯಾಗಿ ಕೂಡುತ್ತದೆ. ಗಾಜಿನ ದೋಷ, ನಷ್ಟಗಳನ್ನು ಕಳೆದರೂ ಅಲ್ಲಿನ ತೀವ್ರತೆ ನೂರಾರು ಪಟ್ಟು ಹೆಚ್ಚು. ವೃತ್ತಪತ್ರಿಕೆಯ ಬಿಳಿಯ ಅಂಚಿಗಿಂತ ಕಪ್ಪು ಶೀರ್ಷಿಕೆ ಬೇಗನೆ ಹೊಗೆಯಾಡುವುದೇಕೆಂದು ಮಕ್ಕಳೇ ಕೇಳಲಿ. ಕಪ್ಪು ಬಣ್ಣವು ಬೆಳಕನ್ನು ಹೀರುವ ಪಾಠ ಅಲ್ಲಿಯೇ ಆರಂಭವಾಗುತ್ತದೆ.

ಹೇಳಲೇಬೇಕಾದ ಮಾತು ಇನ್ನೊಂದಿದೆ. ಕಣ್ಣೂ ಒಂದು ಮಸೂರವೇ. ಸೂರ್ಯನನ್ನು ದಿಟ್ಟಿಸಿದಾಗ ಅಕ್ಷಿಪಟಲದ ಮೇಲೆ ಒಂದು ಮಿಲಿಮೀಟರಿನ ಆರನೆಯ ಒಂದು ಭಾಗದಷ್ಟು ಬಿಂಬ ಬೀಳುತ್ತದೆ, ಅದೂ ಸ್ಪಷ್ಟದೃಷ್ಟಿಯ ನಟ್ಟನಡುವೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಹುಡುಗನು ನಗುನಗುತ್ತಲೇ ಮನೆಗೆ ಬರುತ್ತಾನೆ. ಕೆಲವು ಗಂಟೆಗಳ ಬಳಿಕ ಅಕ್ಷರಗಳ ನಡುವೆ ಕಪ್ಪುಚುಕ್ಕೆ ಕಾಣುತ್ತದೆ, ಗೆರೆಗಳು ಡೊಂಕಾಗಿ ತೋರುತ್ತವೆ. ಅನೇಕರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ದೃಷ್ಟಿ ಸುಧಾರಿಸುವುದಾದರೂ ಕೆಲವರಿಗೆ ಆ ಕಲೆ ಶಾಶ್ವತವಾಗಿ ಉಳಿಯುತ್ತದೆ. ಖಚಿತವಾದ ಔಷಧಿಯಿಲ್ಲ.

ಆದ್ದರಿಂದ ಮಸೂರದ ಮೂಲಕ ಸೂರ್ಯನನ್ನು ನೋಡಲು ಎಂದೂ ಬಿಡಬಾರದು. ದುರ್ಬೀನಿನಿಂದಂತೂ ಕ್ಷಣಮಾತ್ರವೂ ಕೂಡದು. ಸಾಮಾನ್ಯ ತಂಪು ಕನ್ನಡಕ ಇಲ್ಲಿ ರಕ್ಷೆಯಲ್ಲ. ಮಕ್ಕಳು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಲಿ, ಚುಕ್ಕೆ ನೆಲದ ಮೇಲೇ ಇರಲಿ, ಉರಿಯುವ ಚುಕ್ಕೆಯನ್ನೂ ನೆಟ್ಟ ನೋಟದಿಂದ ನೋಡದಿರಲಿ. ನಿಮ್ನದರ್ಪಣವನ್ನು ಬಳಸಿದರೆ ಬೆಳಕು ಎತ್ತ ಹಾಯುವುದೆಂಬುದನ್ನು ಅಧ್ಯಾಪಕರು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಪಕ್ಕದಲ್ಲಿ ಒಂದು ಬಕೆಟ್ ನೀರಿರಬೇಕು. ಪ್ರಯೋಗ ಮುಗಿದ ಮೇಲೆ ಮಸೂರವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿಗೆ ಸೇರಿಸಬೇಕು. ಫ್ಲ್ಯಾಟಿನ ಕಿಟಕಿಯ ಬಳಿ ಅದನ್ನು ಮರೆತು ಹೋದರೆ, ಮನೆಯವರು ಕಚೇರಿಗೆ ತೆರಳಿದ ಹೊತ್ತಿನಲ್ಲಿ ಪರದೆಗೆ ಬೆಂಕಿ ತಗಲಬಹುದು.