ಅಣ್ಣಿಗೇರಿಯ ಅಮೃತೇಶ್ವರ: ಕಲ್ಲಿನೊಳಗಣ ಬೆಳಕು

ನವಲಗುಂದದಿಂದ ದಕ್ಷಿಣಕ್ಕೆ ಎರೆಭೂಮಿಯ ನಡುವೆ ಸಾಗಿದರೆ ದೊರೆಯುವ ಪುರಾತನ ಪಟ್ಟಣ ಅಣ್ಣಿಗೇರಿ. ಹಿಂದೆ ಬೆಳ್ವೊಲ ಮುನ್ನೂರರ ಪ್ರಮುಖ ಕೇಂದ್ರವಾಗಿದ್ದ, ಆದಿಕವಿ ಪಂಪನ ಹೆಸರಿನೊಡನೆ ಬೆಸೆದುಕೊಂಡಿರುವ ಈ ಊರಿನಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವು ವಿರಾಜಮಾನವಾಗಿದೆ. ಇದರ ನಿರ್ಮಾಣ ಕಾಲ ಸುಮಾರು ಕ್ರಿ.ಶ. 1050. ಅಣ್ಣ ಬಸವಣ್ಣನವರ ಕಾಲಕ್ಕಿಂತಲೂ ಹಿಂದಿನದು.

ಈ ಗುಡಿಯ ಹಿರಿಮೆಯಿರುವುದು ಅದರ ಕಲ್ಲಿನಲ್ಲಿ. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲಿನ ದೊಡ್ಡ ದೊಡ್ಡ ಬಂಡೆಗಳನ್ನು ಬಳಸಿದರು. ಅಣ್ಣಿಗೇರಿಯಲ್ಲಿ ಅದರ ಬದಲು ಬಳಪದ ಕಲ್ಲು ಬಂದಿತು. ಈ ಕಲ್ಲಿನಿಂದ ಕಟ್ಟಿದ ಮೊದಲ ದೇವಾಲಯ ಇದೆಂದು ವಿದ್ವಾಂಸರು ಗುರುತಿಸಿದ್ದಾರೆ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲು, ಉಳಿಯ ಅತಿಸೂಕ್ಷ್ಮ ಕುಸುರಿಗೂ ಒಲಿಯಿತು. ಲಕ್ಕುಂಡಿ, ಇಟಗಿ, ಬೇಲೂರು, ಹಳೇಬೀಡುಗಳ ಕಲಾವೈಭವವು ಈ ದಾರಿಯಲ್ಲಿಯೇ ಮುಂದುವರಿದದ್ದು.

ನಾವು ದರ್ಶನಕ್ಕೆ ತೆರಳಿದಾಗ ಬೆಳಗಿನ ಹೊತ್ತು. ಗುಡಿಯ ಕಂಬಗಳು ಒಟ್ಟು 76. ಹೊರಗಿನ ಬಿಸಿಲು ಒಳಗೆ ಸರಿದಂತೆ ನುಣುಪಾದ ಕರಿಗಲ್ಲಿನ ಒಂದೊಂದು ಕಂಬವೂ ಮೆಲ್ಲಗೆ ಮಿನುಗತೊಡಗಿತು. ಹೊರಗೋಡೆಯ ಶಿಲ್ಪಗಳು ನೆರಳು ಬೆಳಕಿನಲ್ಲಿ ಮತ್ತಷ್ಟು ಸ್ಫುಟವಾಗಿ ಕಂಡವು.

ಆಗ ನಮಗೆ ಫ್ರಾನ್ಸ್ ದೇಶದ ಶಾರ್ತ್ರ ನಗರದ ಮಹಾ ಇಗರ್ಜಿ ನೆನಪಾಯಿತು. ಅದರ ಬಣ್ಣದ ಗಾಜಿನ ಕಿಟಕಿಗಳಲ್ಲಿ ಬಹುಪಾಲು 13ನೆಯ ಶತಮಾನದವು. ಸೂರ್ಯನ ಬೆಳಕು ಗಾಜನ್ನು ಹಾಯ್ದು ಅಲ್ಲಿನ ಭಕ್ತರಿಗೆ ಧರ್ಮಕಥೆಗಳನ್ನು ಹೇಳುತ್ತದೆ. ಇಲ್ಲಿ ಕಲ್ಲೇ ಆ ಕೆಲಸ ಮಾಡುತ್ತದೆ. 1939ರಲ್ಲಿ ಯುದ್ಧ ಬಂದಾಗ ಶಾರ್ತ್ರದಲ್ಲಿ ಆ ಗಾಜುಗಳನ್ನೆಲ್ಲ ಬಿಚ್ಚಿ ದೂರ ಸಾಗಿಸಿ ಕಾಪಾಡಿದರು. ಯುದ್ಧ ಮುಗಿದ ಮೇಲೆ ಮರಳಿ ಜೋಡಿಸಿದರು.

ನಮ್ಮ ಗುಡಿಯ ಕಂಬಗಳನ್ನು ಬಿಚ್ಚಿ ಬಚ್ಚಿಡುವಂತಿಲ್ಲ. ಅವುಗಳಿಗೆ ಯುದ್ಧವೇ ಬೇಕಾಗಿಲ್ಲ. ಹೆಸರು ಗೀಚುವ ಒಂದು ಮೊಳೆ ಸಾಕು. ಪಾಟಿಯ ಮೇಲೆ ಅಕ್ಷರ ತಿದ್ದಿದ ಬಳಪದ ಜಾತಿಯ ಕಲ್ಲಿದು. ಬಿದ್ದ ಗೀರು ಮಾಯುವುದಿಲ್ಲ. ಪುರಾತತ್ತ್ವ ಇಲಾಖೆಯ ರಕ್ಷಣೆ ಇದಕ್ಕಿದ್ದರೂ, ಬಂದುಹೋಗುವ ಪ್ರತಿಯೊಂದು ಕೈಯನ್ನೂ ಇಲಾಖೆ ಕಾಯಲಾರದು. ಅದು ಮನೆಯಲ್ಲಿ ಕಲಿಸಬೇಕಾದ ಸಂಸ್ಕಾರ.

ಆದ್ದರಿಂದ ಸದ್ಭಕ್ತ ಬಂಧುಗಳು ಒಮ್ಮೆ ಮಕ್ಕಳೊಡನೆ ಅಣ್ಣಿಗೇರಿಗೆ ಹೋಗಿಬರಬೇಕು. ಆ 76 ಕಂಬಗಳನ್ನು ಮಕ್ಕಳೇ ಎಣಿಸಲಿ. ಹೆಸರನ್ನೂ ಉಳಿಸದೆ ಹೋದ ಶಿಲ್ಪಿಗಳ ಕಾಯಕ ಎಂತಹದೆಂದು ಅವರಿಗೆ ತಿಳಿಸೋಣ. ಅದನ್ನು ಅರಿತ ಮಗುವಿನ ಕೈ ಆ ಕಲ್ಲಿನ ಮೇಲೆ ತನ್ನ ಹೆಸರನ್ನು ಕೆತ್ತಲಾರದು.